ವಯಸ್ಸಾಯ್ತಲ್ಲ ಎಂದು ಬಿಡುವ ಮೊದಲು

ತೀರ್ಥಹಳ್ಳಿ ಕಡೆಯ ನನ್ನ ಕ್ಲಿನಿಕ್ಕಿಗೆ ವಯಸ್ಸಾದವರು ಒಬ್ಬರೇ ಬರುವುದು ಕಡಿಮೆ. ಮಗನೋ ಸೊಸೆಯೋ ಜೊತೆಗಿರುತ್ತಾರೆ. "ಏನಮ್ಮಾ ತೊಂದರೆ?" ಎಂದು ನಾನು ಅಜ್ಜಿಯನ್ನು ಕೇಳಿದರೆ ಉತ್ತರ ಕೊಡುವುದು ಮಗ. "ಏನಿಲ್ಲ ಡಾಕ್ಟ್ರೇ, ವಯಸ್ಸಾಯ್ತಲ್ಲ." ಕೆಟ್ಟ ಮನಸ್ಸಿನಿಂದ ಹೇಳುವ ಮಾತಲ್ಲ ಇದು. ಜಡಿಮಳೆಯಲ್ಲಿ, ತೋಟದ ಕೆಲಸ ಬಿಟ್ಟು ಕರೆದುಕೊಂಡು ಬಂದಿರುತ್ತಾರೆ. ಆದರೆ ಕಾರಣ ವಯಸ್ಸು ಎಂದು ಮೊದಲೇ ತೀರ್ಮಾನವಾದರೆ ಬೇರೆ ಕಾರಣವನ್ನು ಯಾರೂ ಹುಡುಕುವುದಿಲ್ಲ. ವೈದ್ಯರೂ ಇದಕ್ಕೆ ಹೊರತಲ್ಲ.

ಹೊಸನಗರ ಕಡೆಯ ಅಜ್ಜ ಒಬ್ಬರು, ಎಂಬತ್ತರ ಹತ್ತಿರ. ಹಿಂದಿನ ವಾರದವರೆಗೂ ಜಗುಲಿಯಲ್ಲಿ ಕೂತು ಅಡಿಕೆ ಸುಲಿಯುತ್ತಿದ್ದವರು, ಆಳುಗಳ ಕೂಲಿ ಲೆಕ್ಕ ಬರೆಯುತ್ತಿದ್ದವರು. ಈಗ ನಡುರಾತ್ರಿ ಎದ್ದು ಕೊಟ್ಟಿಗೆಗೆ ಹೊರಡುತ್ತಾರೆ, ಮಗಳ ಗುರುತು ಸಿಗುವುದಿಲ್ಲ. "ಅಪ್ಪಯ್ಯಂಗೆ ಅರಳುಮರಳು ಶುರುವಾಗಿದೆ" ಎಂದರು ಮಗ. ಮಾತ್ರೆಗಳ ಚೀಲ ತೆಗೆಸಿ ನೋಡಿದೆ. ಎರಡು ವಾರದ ಹಿಂದೆ ಬಿಪಿಗೆಂದು ಹೊಸದೊಂದು ಮಾತ್ರೆ ಸೇರಿತ್ತು, ಮೂತ್ರ ಜಾಸ್ತಿ ಹೋಗಿಸುವಂಥದ್ದು. ಇಂಥ ಮಾತ್ರೆಯಿಂದ ಕೆಲವರ ರಕ್ತದಲ್ಲಿ ಸೋಡಿಯಂ, ಅಂದರೆ ಉಪ್ಪಿನಂಶ, ಇಳಿದು ತಲೆ ಗೊಂದಲವಾಗುತ್ತದೆ. ಅದು 135ರಿಂದ 145 ಇರಬೇಕು. ಅವರಿಗೆ 118 ಇತ್ತು! ಶಿವಮೊಗ್ಗಕ್ಕೆ ಕಳಿಸಿದೆವು. ಅಲ್ಲಿ ಆ ಮಾತ್ರೆ ನಿಲ್ಲಿಸಿ ಸೋಡಿಯಂ ನಿಧಾನವಾಗಿ ಸರಿಮಾಡಿದರು. ವಾರ ಕಳೆಯುವುದರೊಳಗೆ ಅಜ್ಜ ಅಡಿಕೆ ರೇಟು ವಿಚಾರಿಸುತ್ತಿದ್ದರು.

ಮರೆವಿನ ಕಾಯಿಲೆ ಬೆಳೆಯುವುದು ತಿಂಗಳು, ವರ್ಷಗಳಲ್ಲಿ. ನಾಲ್ಕೈದು ದಿನದಲ್ಲಿ ತಲೆ ಗೊಂದಲವಾದರೆ ಅದು ಬಹುತೇಕ ಡೆಲಿರಿಯಂ, ಅಂದರೆ ದೇಹದ ಬೇರೊಂದು ತೊಂದರೆಯಿಂದ ಬುದ್ಧಿ ಇದ್ದಕ್ಕಿದ್ದಂತೆ ಕಲಕಿಹೋಗುವುದು. ಮೂತ್ರದ ಸೋಂಕು, ನ್ಯುಮೋನಿಯಾ, ಮಲಬದ್ಧತೆ, ನೀರು ಕಡಿಮೆ ಕುಡಿದದ್ದು, ಹೊಸ ಮಾತ್ರೆ, ಯಾವುದರಿಂದಲೂ ಬರಬಹುದು. ವಯಸ್ಸಾದವರಲ್ಲಿ ಸೋಂಕಿದ್ದರೂ ಕೆಲವೊಮ್ಮೆ ಜ್ವರವೇ ಇರುವುದಿಲ್ಲ, ಗೊಂದಲವೊಂದೇ ಲಕ್ಷಣ. ಇದು ತುರ್ತು ಸ್ಥಿತಿ. ಸೋಮವಾರ ನೋಡೋಣ ಎಂದು ಕಾಯಬಾರದು.

ನಿಧಾನವಾಗಿ ಬಂದ ಮರೆವಿಗೂ ಪರೀಕ್ಷೆ ಬೇಕು. ಥೈರಾಯ್ಡ್ ತೊಂದರೆ, ವಿಟಮಿನ್ ಬಿ12 ಕೊರತೆ, ಖಿನ್ನತೆ ಇವೆಲ್ಲ ಮರೆವಿನ ಹಾಗೇ ಕಾಣಿಸುತ್ತವೆ. ಕಿವಿಯಂತೂ ಮೊದಲು ನೋಡಲೇಬೇಕು. ಕೇಳಿದ್ದಕ್ಕೆ ಏನೋ ಉತ್ತರ ಕೊಡುತ್ತಾರೆ, ಯಾರ ಜೊತೆಗೂ ಬೆರೆಯುವುದಿಲ್ಲ ಎಂದು ಕರೆತಂದ ಒಬ್ಬ ಅಜ್ಜಿಯ ಎರಡೂ ಕಿವಿಯಲ್ಲಿ ಗುಗ್ಗೆ ಗಟ್ಟಿಯಾಗಿ ಕೂತಿತ್ತು. ತೆಗೆದ ಮೇಲೆ ಸೊಸೆಗೆ "ಯಾಕೆ ಅಷ್ಟು ಜೋರಾಗಿ ಮಾತಾಡ್ತೀಯೆ?" ಎಂದರು. ನನಗೆ ಖುಷಿಗಿಂತ ಸಂಕಟವೇ ಜಾಸ್ತಿಯಾಯಿತು. ಎಷ್ಟು ತಿಂಗಳು ಮನೆಯವರ ನಡುವೆಯೇ ಒಂಟಿಯಾಗಿದ್ದರೋ.

"ಈ ವಯಸ್ಸಲ್ಲಿ ಆಪರೇಷನ್ ಯಾಕೆ" ಎಂದು ಕಣ್ಣಿನ ಪೊರೆ ಬಿಡುವವರೂ ಇದ್ದಾರೆ. ಅದಕ್ಕೆ ಸಾಮಾನ್ಯವಾಗಿ ಪೂರ್ತಿ ಪ್ರಜ್ಞೆ ತಪ್ಪಿಸುವುದಿಲ್ಲ, ವಯಸ್ಸಿನ ಮಿತಿಯೂ ಇಲ್ಲ. ನಮ್ಮಲ್ಲಿ ಮಳೆಗಾಲದ ಅಂಗಳ ಪಾಚಿಗಟ್ಟಿ ಜಾರುತ್ತದೆ. ಕಣ್ಣು ಮಂಜಾದವರು ಅಲ್ಲಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರೆ ಆಗ ಆಗುವ ಆಪರೇಷನ್ ಬಹಳ ದೊಡ್ಡದು.

ಮನೆಯವರು ಪದೇ ಪದೇ ಹೇಳಿದ್ದನ್ನು ಹಿರಿಯರೂ ನಂಬಿಬಿಡುತ್ತಾರೆ. ಉಸಿರು ಕಟ್ಟಿದರೂ ಮಂಡಿ ಊದಿದರೂ ಸುಮ್ನೆ ಇರುತ್ತಾರೆ. ಅಮೆರಿಕದ ಓಹಿಯೋದಲ್ಲಿ 50 ದಾಟಿದ 660 ಮಂದಿಯನ್ನು ಎರಡು ದಶಕ ಗಮನಿಸಿದ ಅಧ್ಯಯನವೊಂದು 2002ರಲ್ಲಿ ಪ್ರಕಟವಾಯಿತು. ತಮ್ಮ ಮುಪ್ಪನ್ನು ಒಳ್ಳೆಯ ಕಣ್ಣಿನಿಂದ ನೋಡಿದವರು ಉಳಿದವರಿಗಿಂತ ಸುಮಾರು ಏಳೂವರೆ ವರ್ಷ ಜಾಸ್ತಿ ಬದುಕಿದ್ದರು. ಆರೋಗ್ಯದ ವ್ಯತ್ಯಾಸವನ್ನು ಲೆಕ್ಕಕ್ಕೆ ತೆಗೆದುಕೊಂಡರೂ ಸಂಬಂಧ ಉಳಿದೇ ಇತ್ತು. ಇದೊಂದೇ ಕಾರಣ ಎನ್ನಲಾಗದು, ಆದರೆ ತಳ್ಳಿಹಾಕುವಂಥ ಮಾತೂ ಅಲ್ಲ.

ಅಪ್ಪಯ್ಯನನ್ನೋ ಅಮ್ಮನನ್ನೋ ಕರೆತರುವಾಗ ಅವರು ನುಂಗುವ ಎಲ್ಲ ಮಾತ್ರೆ ತನ್ನಿ, ಕಷಾಯ, ಲೇಹ್ಯ ಇದ್ದರೆ ಅದನ್ನೂ ತನ್ನಿ. ಮೊದಲಿನ ಹಾಗೆ ಇದ್ದದ್ದು ಕೊನೆಗೆ ಯಾವಾಗ ಎಂದು ಯೋಚಿಸಿಕೊಂಡು ಬನ್ನಿ. ಒಳಗೆ ಬಂದ ಮೇಲೆ ಮೊದಲು ಅವರೇ ಮಾತಾಡಲಿ. ಸ್ವಲ್ಪ ಹೊತ್ತು ಹಿಡಿಯುತ್ತದೆ, ಹೊರಗೆ ಕೂತವರು ಕಾಯುತ್ತಾರೆ. ಬಿಟ್ಟುಹೋದದ್ದನ್ನು ನೀವು ಆಮೇಲೆ ಸೇರಿಸಿ.