ಕಂತಿನಲ್ಲಿ ಕಳಚುವ ಇಂಟ್ರಾನ್: ಒಂದು ಹೆಸರು, ಮೂರು ಕಥೆ

ಕುರ್ಲಾದ ಲೋಕಮಾನ್ಯ ತಿಲಕ್ ಟರ್ಮಿನಸ್‌ನಲ್ಲಿ ಮಧ್ಯಾಹ್ನ ಮತ್ಸ್ಯಗಂಧ ಹತ್ತಿದರೆ ಮರುದಿನ ಬೆಳಿಗ್ಗೆ ಮಂಗಳೂರು. ಹೆಚ್ಚುಕಡಿಮೆ ಅಷ್ಟೇ ಹೊತ್ತು, ಸುಮಾರು 16 ಗಂಟೆ, ನಮ್ಮ ಸ್ನಾಯುವಿನ ಜೀವಕೋಶಕ್ಕೆ ಡಿಸ್ಟ್ರೊಫಿನ್ ಎಂಬ ಒಂದೇ ಜೀನನ್ನು ಆರ್‌ಎನ್‌ಎಗೆ ನಕಲು ಮಾಡಲು ಬೇಕು. 22 ಲಕ್ಷ ಅಕ್ಷರಗಳ ಆ ನಕಲಿನಲ್ಲಿ ಕೊನೆಗೆ ಉಳಿಯುವುದು 14 ಸಾವಿರ. ಉಳಿಯುವ ತುಂಡುಗಳು ಎಕ್ಸಾನ್; ಮಿಕ್ಕದ್ದು ಇಂಟ್ರಾನ್, ಕತ್ತರಿಸಿ ಬಿಸಾಡುವ ಭಾಗ.

ಕತ್ತರಿಸುವುದು ಹೇಗೆ ಎಂಬುದಕ್ಕೆ ಪಠ್ಯಪುಸ್ತಕಗಳಲ್ಲಿ ಇರುವುದು ಒಂದೇ ಚಿತ್ರ: ಇಂಟ್ರಾನಿನ ಎರಡು ತುದಿ, ನಡುವೆ ಒಂದು ಕುಣಿಕೆ. ಮಾಟುಂಗದಲ್ಲಿ ನನ್ನ ಹತ್ತಿರ ಪಾಠಕ್ಕೆ ಬರುವ ಬಿಎಸ್ಸಿ ಹುಡುಗಿ ಮೊನ್ನೆ ಎರಡು ಸಂಶೋಧನಾ ಲೇಖನಗಳನ್ನು ತಂದಿದ್ದಳು. ಎರಡರ ಶೀರ್ಷಿಕೆಯಲ್ಲೂ 'ರಿಕರ್ಸಿವ್ ಸ್ಪ್ಲೈಸಿಂಗ್', ಅಂದರೆ ಒಂದೇ ಇಂಟ್ರಾನನ್ನು ಕಂತುಕಂತಾಗಿ ಕತ್ತರಿಸುವುದು. ಒಳಗೆ ಹೇಳಿದ್ದು ಬೇರೆ ಬೇರೆ. ಅವಳ ಗೊಂದಲ ಅವಳದ್ದಷ್ಟೇ ಅಲ್ಲ.

1977ರಲ್ಲಿ ಫಿಲಿಪ್ ಶಾರ್ಪ್ ಮತ್ತು ರಿಚರ್ಡ್ ರಾಬರ್ಟ್ಸ್ ಅಡಿನೊವೈರಸ್‌ನಲ್ಲಿ ಜೀನು ತುಂಡುತುಂಡಾಗಿರುವುದನ್ನು ಕಂಡರು, ಮರುವರ್ಷ ವಾಲ್ಟರ್ ಗಿಲ್ಬರ್ಟ್ 'ಇಂಟ್ರಾನ್' ಎಂದು ಹೆಸರಿಟ್ಟರು, 1993ರಲ್ಲಿ ನೊಬೆಲ್ ಬಂತು. ಅಷ್ಟರಲ್ಲಿ ಇಂಟ್ರಾನ್ ಎಂದರೆ ಕಸ ಎಂಬ ಮಾತೂ ಬೇರೂರಿತ್ತು. ಕಸವನ್ನು ಹೇಗೆ ಗುಡಿಸುತ್ತಾರೆ ಎಂದು ಯಾರು ಕೇಳುತ್ತಾರೆ?

ಕೇಳಿದ್ದು ಹಣ್ಣುನೊಣದವರು. ನೊಣದಲ್ಲಿ ಅಲ್ಟ್ರಾಬೈಥೊರ್ಯಾಕ್ಸ್ ಎಂಬ ಜೀನಿದೆ. ಎದೆಯ ಮೂರನೇ ಖಂಡದಲ್ಲಿ ಅದರ ಕೆಲಸ ಕೆಟ್ಟರೆ ನೊಣಕ್ಕೆ ನಾಲ್ಕು ರೆಕ್ಕೆ ಬರುತ್ತವೆ. ಪುಣೆಯ ಐಸರ್ ವಿಜ್ಞಾನ ಸಂಸ್ಥೆಯಲ್ಲಿ ಎಲ್.ಎಸ್. ಶಶಿಧರ ಅವರ ತಂಡ ಈ ಜೀನು ರೆಕ್ಕೆಯನ್ನು ಹೇಗೆ ತಡೆಯುತ್ತದೆ ಎಂದು ವರ್ಷಗಟ್ಟಲೆ ಬಿಡಿಸಿ ನೋಡಿದೆ. ಜೀನಿನ ಉದ್ದ 70 ಸಾವಿರ ಅಕ್ಷರಕ್ಕೂ ಹೆಚ್ಚು, ಬಹುಪಾಲು ಇಂಟ್ರಾನೇ. 1998ರಲ್ಲಿ ಪಿಟ್ಸ್‌ಬರ್ಗ್‌ನ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಹವಿಯೆರ್ ಲೋಪೆಜ್ ತಂಡ, ಅದನ್ನು ಕೋಶ ಕಂತಿನಲ್ಲಿ ಕಳಚುತ್ತದೆ ಎಂದು ತೋರಿಸಿತು.

ಉಪಾಯ ಸರಳ. ಇಂಟ್ರಾನ್ ಸಾಮಾನ್ಯವಾಗಿ ಜಿಯು ಅಕ್ಷರಗಳಿಂದ ಶುರುವಾಗಿ ಎಜಿಯಲ್ಲಿ ಮುಗಿಯುತ್ತದೆ. ಉದ್ದದ ಇಂಟ್ರಾನಿನ ನಡುವೆ ಎಜಿ, ಅದಕ್ಕೆ ಅಂಟಿಕೊಂಡೇ ಜಿಯು ಬಂದರೆ? ಎಜಿಯ ತನಕ ಮೊದಲ ತುಂಡು ಹೋಗುತ್ತದೆ, ಉಳಿದ ಜಿಯು ಹಿಂದಿನ ಎಕ್ಸಾನಿಗೆ ತಾಗಿ ಹೊಸ ಆರಂಭವಾಗುತ್ತದೆ. ಊರಿನ ಬಾವಿಯಲ್ಲಿ ನೀರು ಸೇದಿದವರಿಗೆ ವಿವರಿಸಬೇಕಿಲ್ಲ: ಒಂದು ಮೊಳ ಎಳೆ, ಹಿಡಿ ಬದಲಿಸು, ಮತ್ತೆ ಎಳೆ. ಹಗ್ಗದ ಇನ್ನೊಂದು ತುದಿ ಕಾಣಬೇಕೆಂದೇನೂ ಇಲ್ಲ. ಇಂಟ್ರಾನಿನ ಕೊನೆ ಇನ್ನೂ ನಕಲಾಗುತ್ತಿರುವಾಗಲೇ ಕತ್ತರಿ ಆಡಬಹುದು.

ಇದೇ ತಂಡದ 2005ರ ಕೆಲಸ ನನಗೆ ಇನ್ನೂ ಇಷ್ಟ. ಇಂಥ ಜೋಡಿ ಗುರುತುಗಳು ಆಕಸ್ಮಿಕವಾಗಿಯೂ ಬಂದಿರಬಹುದಲ್ಲ? ಅದಕ್ಕೆ ಅವರು ಡಿಎನ್‌ಎಯ ಎದುರು ಎಳೆಯಲ್ಲೂ, ಅಂದರೆ ಈ ಗುರುತುಗಳಿಂದ ಯಾವ ಉಪಯೋಗವೂ ಇರದ ಕಡೆಯಲ್ಲೂ, ಹುಡುಕಿದರು. ಅಲ್ಲಿ ಸಿಕ್ಕಿದ್ದು ಆಕಸ್ಮಿಕಕ್ಕೆ ತಕ್ಕಷ್ಟೇ. ಸರಿಯಾದ ಎಳೆಯಲ್ಲಿ, 20 ಸಾವಿರ ಅಕ್ಷರ ಮೀರಿದ ಇಂಟ್ರಾನ್‌ಗಳಲ್ಲಿ, ಅದಕ್ಕಿಂತ ಎಷ್ಟೋ ಹೆಚ್ಚು. ಆದರೆ ಅದೇ ಲೇಖನದಲ್ಲಿ ಒಂದು ಮುಳ್ಳೂ ಇತ್ತು: ಇಂಟ್ರಾನನ್ನು ಮೊಟಕು ಮಾಡಿದರೂ ಕೋಶ ಹೆಚ್ಚಾಗಿ ಕಂತಿನ ದಾರಿಯನ್ನೇ ಹಿಡಿಯಿತು. ಹಾಗಾದರೆ ಕಾರಣ ಬರೀ ಉದ್ದವಲ್ಲ. ಈ ಸಾಲನ್ನು ಆಮೇಲೆ ಬರೆದವರು ಬೇಗ ದಾಟಿಹೋದರೇನೋ ಎನಿಸುತ್ತದೆ.

2015ರಲ್ಲಿ ನೊಣದ 115 ಜೀನುಗಳ 130 ಇಂಟ್ರಾನ್‌ಗಳಲ್ಲಿ ಇಂಥ 197 ತಾಣಗಳ ಪಟ್ಟಿ ಬಂತು. 2018ರಲ್ಲಿ ಪಟ್ಟಿ ನಾಲ್ಕು ಪಟ್ಟಾಯಿತು. ಕಂತಿನ ಇಂಟ್ರಾನ್‌ಗಳು ಅಷ್ಟೇ ಉದ್ದದ ಬೇರೆಯವುಗಳಿಗಿಂತ ಕಡಿಮೆ ತಪ್ಪಿನಲ್ಲಿ ಕತ್ತರಿಸಲ್ಪಡುತ್ತವೆ ಎಂಬ ಸೂಚನೆಯೂ ಸಿಕ್ಕಿತು.

ಸಿಕ್ಕು ಬಿದ್ದದ್ದು ಕಥೆ ಮನುಷ್ಯನಿಗೆ ಬಂದಾಗ. 2015ರಲ್ಲೇ ಇನ್ನೊಂದು ತಂಡ ಮಿದುಳಿನಲ್ಲಿ ಕೆಲಸ ಮಾಡುವ ಉದ್ದನೆಯ ಜೀನುಗಳಲ್ಲಿ ಅಂಥ ತಾಣ ಕಂಡಿತು. ಅಲ್ಲಿ ತಾಣದ ಬೆನ್ನಿಗೇ ಒಂದು ಎಕ್ಸಾನ್ ಇರುತ್ತದೆ. ಸಾಮಾನ್ಯವಾಗಿ ಬಿಟ್ಟುಹೋಗುವ ಅದು, ನಕಲು ತಪ್ಪು ಜಾಗದಿಂದ ಶುರುವಾದರೆ ಉಳಿದುಕೊಂಡು ಆ ಆರ್‌ಎನ್‌ಎಯನ್ನೇ ನಾಶಕ್ಕೆ ತಳ್ಳಬಲ್ಲದು. ಇದು ಎರಡನೇ ಕಥೆ, ನೊಣದ ಹಗ್ಗ ಸೇದುವುದಕ್ಕಿಂತ ಚೆಕ್‌ನಾಕಾಕ್ಕೆ ಹತ್ತಿರ. 2021ರಲ್ಲಿ ಜೀವಂತ ಕೋಶದಲ್ಲಿ ಒಂದೊಂದೇ ಆರ್‌ಎನ್‌ಎಯನ್ನು ಬೆಳಗಿಸಿ ನೋಡಿದವರು, ಮನುಷ್ಯನ ಇಂಟ್ರಾನ್ ತುಂಡುತುಂಡಾಗಿ ಹೋಗುವುದು ವ್ಯಾಪಕ, ಆದರೆ ಎಲ್ಲಿ ಕತ್ತರಿ ಬೀಳುತ್ತದೆ ಎಂಬುದರಲ್ಲಿ ಆಕಸ್ಮಿಕದ ಪಾಲು ದೊಡ್ಡದು ಎಂದರು. ಇದು ಮೂರನೇ ಕಥೆ. ಇದರ ನಡುವೆ 2018ರ ಎರಡು ಅಧ್ಯಯನಗಳು, ಎಕ್ಸಾನ್‌ಗಳು ಸೇರಿದ ಜಾಗದಲ್ಲಿ ಕೂರುವ ಪ್ರೋಟೀನುಗಳ ಗುಂಪು ಮತ್ತೆ ಕತ್ತರಿ ಬೀಳದಂತೆ ಕಾಯುತ್ತದೆ ಎಂದಿದ್ದವು. ಒಂದು ಕಡೆ ಬೇಕಾದದ್ದನ್ನು ಇನ್ನೊಂದು ಕಡೆ ಕೋಶವೇ ತಡೆಯುತ್ತದೆ. ಮೂರಕ್ಕೂ ಒಂದೇ ಹೆಸರು ಅಂಟಿಸಿದ್ದು ಅನುಕೂಲಕ್ಕೆ; ಓದುಗನಿಗೆ ಅದರಿಂದ ಅನುಕೂಲವಾಗಿಲ್ಲ.

ಡಿಸ್ಟ್ರೊಫಿನ್‌ಗೆ ಮರಳಿದರೆ, ಅದರ ಕೆಲವು ಉದ್ದನೆಯ ಇಂಟ್ರಾನ್‌ಗಳೂ ಹಲವು ಹಂತಗಳಲ್ಲಿ, ಅದೂ ಸಾಲುತಪ್ಪಿ ಹೋಗುತ್ತವೆ ಎಂದು 2016ರಲ್ಲಿ ವರದಿಯಾಯಿತು. ಅದೇ ವರ್ಷ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಎಟೆಪ್ಲಿರ್ಸನ್ ಎಂಬ ಔಷಧ, ಈ ಜೀನು ಕೆಟ್ಟು ಸ್ನಾಯು ಸೊರಗುವ ಡುಶೆನ್ ಕಾಯಿಲೆಯ ಕೆಲವು ಮಕ್ಕಳಲ್ಲಿ ಅದರ 51ನೇ ಎಕ್ಸಾನನ್ನು ಕತ್ತರಿಯ ಕಣ್ಣಿಗೆ ಬೀಳದಂತೆ ಮರೆಮಾಡುತ್ತದೆ. ಅಂಥ ಮದ್ದು ರೂಪಿಸುವವರಿಗೆ ಅಕ್ಕಪಕ್ಕದ ಯಾವ ಇಂಟ್ರಾನ್ ಮೊದಲು ಹೋಗುತ್ತದೆ ಎಂಬುದು ಪದಕೋಶದ ಪ್ರಶ್ನೆಯಲ್ಲ.