ಮಾರ್ಫಿನ್ ಕೊಟ್ಟರೆ ಅಮ್ಮನಿಗೆ ಹರಿಸ್ಮರಣೆ ತಪ್ಪುತ್ತದೆಯೇ?

ಪ್ರಶ್ನೆ: ನಮ್ಮ ಅಮ್ಮನಿಗೆ 71 ವರ್ಷ. ಕ್ಯಾನ್ಸರ್ ಮೂಳೆಗೆ ಹರಡಿದೆ, ಇನ್ನು ಚಿಕಿತ್ಸೆಯಿಂದ ಗುಣವಾಗದು ಎಂದು ಡಾಕ್ಟರು ಹೇಳಿದ್ದಾರೆ. ಹಾಸ್ಪೈಸ್‌ನವರು, ಅಂದರೆ ಕೊನೆಯ ಹಂತದ ರೋಗಿಗಳನ್ನು ನೋಡಿಕೊಳ್ಳುವ ಆರೈಕೆ ಕೇಂದ್ರದವರು, ನೋವಿಗೆ ಮಾರ್ಫಿನ್ ಎಂಬ ಬಲವಾದ ಔಷಧಿ ಶುರು ಮಾಡೋಣ ಎನ್ನುತ್ತಾರೆ. ಕೊನೆಯುಸಿರಿನಲ್ಲಿ ಹರಿಸ್ಮರಣೆ ಇರಬೇಕೆಂಬುದು ಅಮ್ಮನ ಜೀವಮಾನದ ಆಸೆ. ಮಾರ್ಫಿನ್ ಕೊಟ್ಟರೆ ಮಂಪರಿನಲ್ಲೇ ಹೋಗಿಬಿಡುತ್ತಾರೇನೋ ಎಂಬ ಭಯ. ಏನು ಮಾಡಲಿ?

ಉತ್ತರ: ಕೊಡಿಸಿ, ತಡಮಾಡಬೇಡಿ. ಮೂಳೆಗಿಳಿದ ಕ್ಯಾನ್ಸರಿನ ನೋವು ಎಂಥದ್ದೆಂದು ನೀವು ದಿನಾ ನೋಡುತ್ತಿದ್ದೀರಿ. ಮಗ್ಗುಲು ಬದಲಿಸಲೂ ಆಗದ ಆ ಹೊತ್ತಿನಲ್ಲಿ ಜಪಸರ ಹಿಡಿದ ಕೈ ಮಂಚದ ಕಂಬಿಯನ್ನು ಹಿಡಿಯುತ್ತದೆ. ನಮ್ಮ ದೊಡ್ಡಮ್ಮನ ಕೊನೆಗಾಲದಲ್ಲಿ ಇದೇ ಹೆದರಿಕೆಯಿಂದ ನಾವು ಹತ್ತು ದಿನ ಮಾರ್ಫಿನ್ ಬೇಡವೆಂದೆವು. ಆ ಹತ್ತು ದಿನ ಅವರ ಬಾಯಿಂದ ದೇವರ ಹೆಸರು ಬರಲಿಲ್ಲ, ನರಳಾಟವಷ್ಟೇ ಬಂತು. ಔಷಧಿ ಶುರುವಾದ ನಾಲ್ಕನೆಯ ಬೆಳಿಗ್ಗೆ ಕಣ್ಣು ಬಿಟ್ಟು, "ಇವತ್ತು ಏಕಾದಶಿ ಅಲ್ವೇನೇ?" ಎಂದು ಕೇಳಿದರು. ಆ ಹತ್ತು ದಿನಗಳ ಬಗ್ಗೆ ನನಗೆ ಇವತ್ತಿಗೂ ಸಂಕಟವಿದೆ.

ಮಾರ್ಫಿನ್ ಶುರು ಮಾಡಿದ ಮೊದಲ ಎರಡು ಮೂರು ದಿನ ಮಂಪರು ಇರುವುದು ನಿಜ. ಎಷ್ಟೋ ರಾತ್ರಿಗಳಿಂದ ಬಾಕಿ ಉಳಿದ ನಿದ್ದೆಯೂ ಅದರಲ್ಲಿ ಸೇರಿರುತ್ತದೆ. ಆಮೇಲೆ ಸಾಮಾನ್ಯವಾಗಿ ದೇಹ ಒಗ್ಗಿಕೊಳ್ಳುತ್ತದೆ. ಕಡಿಮೆ ಪ್ರಮಾಣದಿಂದ ಆರಂಭಿಸಿ, ಹೆಚ್ಚಾಗಿ ನಾಲ್ಕು ಗಂಟೆಗೊಮ್ಮೆ ಮಾತ್ರೆ ಕೊಟ್ಟು, ನೋವು ನೋಡಿಕೊಂಡು ಸ್ವಲ್ಪ ಸ್ವಲ್ಪವೇ ಏರಿಸುತ್ತಾರೆ. ಮಂಪರು ಇಳಿಯದೇ ಹೋದರೆ ಸುಮ್ಮನಿರದೆ ಡಾಕ್ಟರಿಗೆ ತಿಳಿಸಿ. ಕಿಡ್ನಿ ಸೋತಿದ್ದರೆ ಔಷಧಿ ದೇಹದಲ್ಲೇ ಉಳಿದುಕೊಳ್ಳುತ್ತದೆ, ಆಗ ಡೋಸ್ ಇಳಿಸುತ್ತಾರೆ ಅಥವಾ ಔಷಧಿಯನ್ನೇ ಬದಲಿಸುತ್ತಾರೆ. ಮಲಬದ್ಧತೆ ಮಾತ್ರ ತಾನಾಗಿ ಹೋಗುವುದಿಲ್ಲ, ಅದಕ್ಕೆ ಮೊದಲ ದಿನದಿಂದಲೇ ಬೇರೆ ಔಷಧಿ ಬೇಕು. ಅಮ್ಮನಿಗೆ ಬೆಳಗಿನ ಜಪದ ಹೊತ್ತಿನಲ್ಲಿ ಎಚ್ಚರವಿರಬೇಕೆಂಬ ಆಸೆ ಇದೆ ಎಂದು ನರ್ಸ್‌ಗೆ ಬಾಯಿಬಿಟ್ಟು ಹೇಳಿ. ಅವರು ಅದನ್ನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ.

ಹಾಸ್ಪೈಸ್ ಹುಟ್ಟಿದ್ದೇ ಇಂಥ ಆಸೆಗಳನ್ನು ಕೇಳಿಸಿಕೊಳ್ಳಲು. 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೈಸ್ ತೆರೆದ ಸಿಸಿಲಿ ಸಾಂಡರ್ಸ್, ಮೈಯ ನೋವು, ಮನಸ್ಸಿನ ದುಗುಡ, ಸಂಸಾರದ ಚಿಂತೆ, ಆತ್ಮದ ತಳಮಳ ಇವೆಲ್ಲ ಸೇರಿ ರೋಗಿಗೆ ಒಂದೇ ನೋವು ಎಂದು ಕಂಡುಕೊಂಡಿದ್ದರು. ಬೆಂಗಳೂರಿನ ಮಾರತಹಳ್ಳಿ ಬಳಿಯ ಕರುಣಾಶ್ರಯ ಎಂಬ ಹಾಸ್ಪೈಸ್ 1999ರಿಂದ ಕೊನೆಯ ಹಂತದ ಕ್ಯಾನ್ಸರ್ ರೋಗಿಗಳನ್ನು ಹಣ ಪಡೆಯದೆ ನೋಡಿಕೊಳ್ಳುತ್ತಿದೆ. ಅವರ ತಂಡ ಮನೆಗೂ ಬಂದು ನೋಡುತ್ತದೆ. ಅಲ್ಲಿಗೆ ಸೇರಿಸಿದರೆ ಅಮ್ಮನನ್ನು ಕೈಬಿಟ್ಟಂತೆ ಎಂದು ನೆಂಟರು ಅಂದಾರು. ಆ ಮಾತಿಗೆ ಕಿವಿಗೊಡಬೇಡಿ.

ಇನ್ನು ಸ್ಮರಣೆಯ ವಿಷಯ. ಅಂತ್ಯಕಾಲದಲ್ಲಿ ನನ್ನನ್ನು ನೆನೆದವನು ನನ್ನನ್ನೇ ಸೇರುತ್ತಾನೆ ಎಂದ ಗೀತೆಯ ಎಂಟನೆಯ ಅಧ್ಯಾಯವೇ, ಎರಡು ಶ್ಲೋಕ ಕಳೆದು, ಆದ್ದರಿಂದ ಎಲ್ಲ ಕಾಲದಲ್ಲೂ ನೆನೆ ಎನ್ನುತ್ತದೆ. ಕೊನೆಯ ಗಳಿಗೆಯನ್ನು ಒಂದು ಪರೀಕ್ಷೆಯೆಂದು ಬಗೆದು ನಡುಗುವುದು ಬೇಡ. ಅಮ್ಮ ಅಷ್ಟು ವರ್ಷ ನೆನೆದದ್ದು ಎಲ್ಲಿಗೆ ಹೋದೀತು? ನೋವು ಹದಕ್ಕೆ ಬಂದ ಮೇಲೆ ಹತ್ತಿರ ಕೂತು ಕೇಳಿ: ಯಾರನ್ನು ನೋಡಬೇಕು, ಪಾರಾಯಣ ಬೇಕೋ ಮೌನ ಬೇಕೋ, ಆಚಾರ್ಯರನ್ನು ಕರೆಸಬೇಕೇ. ತಂಗಿಯ ಜೊತೆಗಿನ ಹಳೆಯ ಮುನಿಸು, ತೀರಿಸದ ಒಂದು ಕೈಸಾಲ, ಇಂಥವೇ ಕೆಲವೊಮ್ಮೆ ಜಪಕ್ಕೆ ಅಡ್ಡ ಬರುತ್ತವೆ.

ಐಸಿಯು, ವೆಂಟಿಲೇಟರ್ ಬೇಡವೆಂಬುದು ಅಮ್ಮನ ಮನಸ್ಸಾದರೆ ಈಗಲೇ ಬರೆಸಿಡಿ. ಇದಕ್ಕೆ ಸುಪ್ರೀಂ ಕೋರ್ಟ್ 2018ರಲ್ಲಿ ಒಪ್ಪಿಗೆ ಕೊಟ್ಟು, 2023ರಲ್ಲಿ ಕ್ರಮವನ್ನು ಸರಳಗೊಳಿಸಿತು. ಇಬ್ಬರು ಸಾಕ್ಷಿಗಳ ಎದುರು ಸಹಿ ಹಾಕಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಆಯಿತು. ನಡುರಾತ್ರಿ ಗಾಬರಿಯಿಂದ ಆಂಬುಲೆನ್ಸ್ ಕರೆಯುವ ಪ್ರಸಂಗವನ್ನು ಇದು ತಪ್ಪಿಸಬಹುದು.

ಕೊನೆಯ ಒಂದೆರಡು ದಿನ ಅಮ್ಮ ಹೆಚ್ಚು ಹೊತ್ತು ಮಲಗಿಯೇ ಇರಬಹುದು, ಕರೆದರೂ ಓಗೊಡದಿರಬಹುದು. ಅಂಗಾಂಗಗಳು ಒಂದೊಂದಾಗಿ ಸೋಲುವಾಗ ಹೀಗಾಗುತ್ತದೆ, ಮಾರ್ಫಿನ್ ಮುಟ್ಟದವರಿಗೂ ಆಗುತ್ತದೆ. ಮಾತ್ರೆ ಕೊಟ್ಟ ತಪ್ಪಿಗೆ ಹೀಗಾಯಿತೆಂದು ಕೊರಗಬೇಡಿ. ಕೆನಡಾದ ಸಂಶೋಧಕರು ಹಾಸ್ಪೈಸ್ ಒಂದರಲ್ಲಿ ಸಾವಿನಂಚಿನ ರೋಗಿಗಳ ಮಿದುಳಿನ ವಿದ್ಯುತ್ ಅಲೆಗಳನ್ನು ಅಳೆದು 2020ರಲ್ಲಿ ಫಲಿತಾಂಶ ಪ್ರಕಟಿಸಿದರು: ಸ್ಪಂದಿಸದ ಸ್ಥಿತಿಗೆ ಜಾರಿದ ಕೆಲವರಲ್ಲೂ ಮಿದುಳು ಶಬ್ದವನ್ನು ಗ್ರಹಿಸುತ್ತಿತ್ತು. ಹಾಗಾಗಿ ಅಮ್ಮನ ನಾಲಿಗೆ ಸೋತಾಗ ಆ ನಾಮವನ್ನು ನೀವು ಹೇಳಿ, ಕಿವಿಯ ಹತ್ತಿರ, ಮೆಲ್ಲಗೆ. ತುಳಸಿ ನೀರನ್ನು ಚಮಚದಲ್ಲಿ ಸುರಿಯಬೇಡಿ, ನುಂಗಲಾಗದವರಿಗೆ ಅದು ಶ್ವಾಸನಾಳಕ್ಕೆ ಇಳಿಯುತ್ತದೆ. ಹತ್ತಿ ಅದ್ದಿ ತುಟಿಗೆ ಸವರಿ, ಅಷ್ಟು ಸಾಕು.