‘ಕಟ್ಟಿ ಬಂದ್ಬಿಡ್ತೀನಿ’ ಅನ್ನುವ ಕಕ್ಷಿದಾರರಿಗೆ

ಮಂಡ್ಯ ಕಡೆ ಮದುವೆ ಸೀಸನ್ ಶುರುವಾದರೆ ನನ್ನ ಆಫೀಸಿಗೆ ಡಿಡಿ, ಅಂದರೆ ಕುಡಿದು ಗಾಡಿ ಓಡಿಸಿದ ಕೇಸುಗಳೂ ಶುರು. ಮದುವೆ ದಿನ ಯಾರೂ ಸಿಕ್ಕಿಬೀಳುವುದಿಲ್ಲ, ಸಿಕ್ಕಿಬೀಳುವುದು ಬೀಗರ ಊಟದ ದಿನ. ಮಧ್ಯಾಹ್ನ ಮುದ್ದೆ, ಬಾಡು, ಶಾಮಿಯಾನದ ಹಿಂದೆ ಒಂದು ಕ್ವಾರ್ಟರ್. ಸಂಜೆ ಬೈಕ್ ಹತ್ತಿ ಊರಿಗೆ ಹೊರಟವರನ್ನು ಪೊಲೀಸರು ನಿಲ್ಲಿಸಿ ಊದಿಸುತ್ತಾರೆ. ಮಾರನೇ ದಿನ ಊದಿದ ಯಂತ್ರದ ಚೀಟಿ ಹಿಡಿದು ಬರುವವರು ಕೂರುವ ಮೊದಲೇ ಕೇಳುತ್ತಾರೆ: “ಫೈನ್ ಎಷ್ಟು ಸಾರ್? ಕಟ್ಟಿ ಬಂದ್ಬಿಡ್ತೀನಿ.”

ಈ ಮಾತು ಕೇಳಿ ಕೇಳಿ ನನಗೆ ಸಾಕಾಗಿದೆ. ಹೆಲ್ಮೆಟ್ ಹಾಕದಿದ್ದರೆ ರಸ್ತೆಯಲ್ಲೇ ದಂಡ ಕಟ್ಟಿ ರಸೀದಿ ಇಸ್ಕೊಂಡು ಹೋಗಬಹುದು. ಅದು ರಾಜಿಯಾಗುವ ಅಪರಾಧ. ಕುಡಿದು ಓಡಿಸಿದ್ದು ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್. ಅದು ರಾಜಿ ಪಟ್ಟಿಯಲ್ಲೇ ಇಲ್ಲ. ಕೋರ್ಟಿಗೆ ಬರಲೇಬೇಕು. 2023ರ ಫೆಬ್ರವರಿಯಲ್ಲಿ ಸರ್ಕಾರ ಟ್ರಾಫಿಕ್ ದಂಡಕ್ಕೆ ಅರ್ಧ ರಿಯಾಯಿತಿ ಬಿಟ್ಟಾಗ ಒಬ್ಬ ಹಿರಿಯರು ಡಿಡಿ ಸಮನ್ಸ್ ಹಿಡಿದು ಬಂದು, “ಐದು ಸಾವಿರಕ್ಕೆ ಮುಗೀತಲ್ವಾ ಲಾಯರ್ರೇ?” ಅಂದಿದ್ದರು. ಪಾಪ, ಆ ರಿಯಾಯಿತಿ ಡಿಡಿಗೆ ಇಲ್ಲ ಅಂತ ಗೊತ್ತಿಲ್ಲದೆ ಖುಷಿಯಾಗಿದ್ದರು.

ಕೋರ್ಟಿನಲ್ಲಿ ಏನಾಗುತ್ತದೆ ಅಂತ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಎಲ್ಲರೂ ಎಡವುವುದು ಇಲ್ಲೇ. ನಿಮ್ಮ ಹೆಸರು ಕೂಗುತ್ತಾರೆ. ಹೋಗಿ ನಿಲ್ಲುತ್ತೀರಿ. ನಿಮ್ಮ ಮೇಲಿನ ಆರೋಪ ಓದಿ ಹೇಳಿ, ತಪ್ಪು ಒಪ್ಪಿಕೊಳ್ಳುತ್ತೀರಾ ಅಂತ ಜಡ್ಜ್ ಸಾಹೇಬರು ಕೇಳುತ್ತಾರೆ. ನೀವು ಗಾಬರಿಯಲ್ಲಿ “ಹೂಂ ಸ್ವಾಮಿ” ಅನ್ನುತ್ತೀರಿ. ಆ ಒಂದು ‘ಹೂಂ’ ಸಾಕು, ನೀವು ಅಪರಾಧಿ ಅಂತ ತೀರ್ಪಾಯಿತು. ಹತ್ತು ಸಾವಿರ ಅದಕ್ಕೆ ಕೊಟ್ಟ ಶಿಕ್ಷೆ. ಕೌಂಟರಿನಲ್ಲಿ ಹಣ ಎಣಿಸುವಾಗ ನಿಮಗದು ಕರೆಂಟ್ ಬಿಲ್ ಕಟ್ಟಿದ ಹಾಗೆ ಅನ್ನಿಸಬಹುದು. ದಾಖಲೆಯಲ್ಲಿ ಹಾಗೆ ಇರುವುದಿಲ್ಲ. ಸರ್ಕಾರಿ ಕೆಲಸದ ಪೂರ್ವಾಪರ ಪರಿಶೀಲನೆ ನಮೂನೆಯಲ್ಲಿ ‘ಕೋರ್ಟು ನಿಮಗೆ ಎಂದಾದರೂ ದಂಡ ವಿಧಿಸಿದೆಯೇ’ ಅಂತ ಕೇಳಿದರೆ, ಹೌದು ಅಂತಲೇ ಬರೆಯಬೇಕು.

ಮೊದಲ ಸಲಕ್ಕೆ ಆರು ತಿಂಗಳವರೆಗೆ ಜೈಲು, ಇಲ್ಲವೇ 10,000 ರೂಪಾಯಿ, ಇಲ್ಲವೇ ಎರಡೂ. ಎರಡನೇ ಸಲಕ್ಕೆ ಎರಡು ವರ್ಷದವರೆಗೆ ಜೈಲು, ಇಲ್ಲವೇ 15,000, ಇಲ್ಲವೇ ಎರಡೂ. 2019ರ ತಿದ್ದುಪಡಿಗೆ ಮುಂಚೆ, ಮೂರು ವರ್ಷದೊಳಗೆ ಮತ್ತೆ ಸಿಕ್ಕಿಬಿದ್ದರೆ ಮಾತ್ರ ‘ಎರಡನೇ ಸಲ’ ಅಂತ ಲೆಕ್ಕ. ಈಗ ಆ ಗಡುವು ಇಲ್ಲ. ಇದರ ಜೊತೆಗೆ ಡಿಎಲ್ ಅಮಾನತಾಗಬಹುದು. ಕನಿಷ್ಠ ಮೂರು ತಿಂಗಳು ಅಮಾನತು ಮಾಡಿ ಅಂತ ಸುಪ್ರೀಂ ಕೋರ್ಟಿನ ರಸ್ತೆ ಸುರಕ್ಷತಾ ಸಮಿತಿ 2015ರಲ್ಲೇ ಹೇಳಿದೆ.

ಹಾಗಾದರೆ ಒಪ್ಪಿಕೊಳ್ಳಲೇಬಾರದಾ? ನಾನು ಹಾಗೆ ಹೇಳುತ್ತಿಲ್ಲ. ಕುಡಿದದ್ದು ನಿಜ, ಚೀಟಿ ಸರಿಯಾಗಿದೆ ಅಂದರೆ ಒಪ್ಪಿಕೊಳ್ಳಿ ಅಂತ ನಾನೇ ಎಷ್ಟೋ ಜನಕ್ಕೆ ಹೇಳಿದ್ದೇನೆ. ಆದರೆ ಮೊದಲು ಚೀಟಿ ಓದೋಣ. ಮಿತಿ ಇರುವುದು 100 ಮಿಲಿ ರಕ್ತಕ್ಕೆ 30 ಮಿಲಿಗ್ರಾಂ. ಅದನ್ನು ದಾಟಿರಬೇಕು. ಚೀಟಿಯಲ್ಲಿ ಸಮಯ, ಯಂತ್ರದ ನಂಬರ್, ನಿಮ್ಮ ಗಾಡಿ ನಂಬರ್ ಸರಿ ಇದೆಯಾ? ಯಂತ್ರವನ್ನು ಕಾಲಕಾಲಕ್ಕೆ ಪರೀಕ್ಷೆ ಮಾಡಿಸಿದ ಪ್ರಮಾಣಪತ್ರ ಇದೆಯಾ? ಆಗತಾನೇ ಬಾಯಿಗೆ ಬಿದ್ದ ಮದ್ಯ ಕಾಲು ಗಂಟೆಯವರೆಗೂ ಅಂಕಿಯನ್ನು ಏರಿಸಬಹುದು, ಮೌತ್‌ವಾಶ್ ಕೂಡ. ಅನುಮಾನವಿದ್ದರೆ ಬಾಯಿ ಮುಕ್ಕಳಿಸಿ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಊದಿಸಿ ಅಂತ ಅಲ್ಲೇ ವಿನಯದಿಂದ ಕೇಳಿ. ರಕ್ತ ಪರೀಕ್ಷೆಯನ್ನೂ ಕೇಳಬಹುದು. ಊದೋದೇ ಇಲ್ಲ ಅಂತ ಹಟ ಮಾಡಬೇಡಿ. ಸರಿಯಾದ ಕಾರಣವಿಲ್ಲದೆ ನಿರಾಕರಿಸಿದರೆ 205ನೇ ಸೆಕ್ಷನ್ ಪ್ರಕಾರ ಅದೇ ನಿಮಗೆ ಮುಳುವಾಗಬಹುದು.

ಇನ್ನೊಂದು ತಪ್ಪು ತಿಳಿವಳಿಕೆ. ಅರೆಸ್ಟ್ ಮಾಡಿದರೆ ಎರಡು ಗಂಟೆಯೊಳಗೆ ವೈದ್ಯಕೀಯ ಪರೀಕ್ಷೆ ಮಾಡಿಸಬೇಕು, ಇಲ್ಲದಿದ್ದರೆ ಬಿಡಬೇಕು. ಬಿಡುವುದು ಕಸ್ಟಡಿಯಿಂದ ಸ್ವಾಮಿ, ಕೇಸಿನಿಂದಲ್ಲ.

ಪಾಂಡವಪುರ ಕಡೆಯ ಒಬ್ಬ ಹುಡುಗನ ವಿಷಯ ಹೇಳಬೇಕು. ಗುರುತು ಸಿಗದ ಹಾಗೆ ಒಂದೆರಡು ವಿವರ ಬದಲಿಸಿದ್ದೇನೆ. ಮೊದಲ ಸಲ ಸಿಕ್ಕಿಬಿದ್ದಾಗ ಲಾಯರ್ ಯಾಕೆ ದಂಡ ಅಂತ ತಾನೇ ಹೋಗಿ ‘ಹೂಂ’ ಅಂದು ಬಂದಿದ್ದ. ಅವತ್ತು ಆಲೆಮನೆಯಲ್ಲಿ ಕೆಲಸ ಇತ್ತಂತೆ, ಬೇಗ ಮುಗಿದರೆ ಸಾಕಾಗಿತ್ತು. ಮೂರು ವರ್ಷ ದಾಟಿದ ಮೇಲೆ ಮತ್ತೆ ಸಿಕ್ಕಿಬಿದ್ದ. ಈ ಸಲ ಡಿಎಲ್ಲೂ ಅಮಾನತಾಯಿತು. ಆಗ ನನ್ನ ಹತ್ತಿರ ಬಂದ.

“ಹಿಂದೆ ಯಾವತ್ತಾದರೂ ಶಿಕ್ಷೆ ಆಗಿದೆಯೇನಪ್ಪಾ?” ಅಂದೆ.

“ಇಲ್ಲ ಸಾರ್, ದೇವರಾಣೆ. ಫೈನ್ ಕಟ್ಟಿದ್ದೆ ಅಷ್ಟೇ” ಅಂತ ಆರ್‌ಸಿ ಕವರಿನಿಂದ ಒಂದು ರಸೀದಿ ತೆಗೆದ. ಹರಿದುಹೋಗದಿರಲಿ ಅಂತ ಲ್ಯಾಮಿನೇಷನ್ ಬೇರೆ ಮಾಡಿಸಿದ್ದ. ಯಾರಾದರೂ ಕೇಳಿದರೆ ತೋರಿಸೋಕೆ ಬೇಕಾಗುತ್ತೆ ಅಂತ ಅಷ್ಟು ದಿನವೂ ಜೊತೆಯಲ್ಲೇ ಇಟ್ಟುಕೊಂಡು ಓಡಾಡಿದ್ದಾನೆ. ಅದೇ ಅವನ ಮೊದಲ ಶಿಕ್ಷೆಯ ಸಾಕ್ಷಿ. ನಗಬೇಕೋ ಬಯ್ಯಬೇಕೋ ತಿಳಿಯಲಿಲ್ಲ. ಎರಡನ್ನೂ ಮಾಡಿದೆ.

ವಕಾಲತ್ತಿಗೆ ಸಹಿ ಹಾಕಿಸಿಕೊಂಡ ಮೇಲೆ ಕೇಳಿದೆ, “ಹೆಂಗ್ ಬಂದ್ಯೋ ಇಲ್ಲಿಗೆ?”

“ಬೈಕಲ್ಲಿ ಸಾರ್. ಇವತ್ತು ಕುಡ್ದಿಲ್ವಲ್ಲ.”

ಕೈ ಚಾಚಿ ಕೀ ಇಸ್ಕೊಂಡೆ. ಸಂಜೆ ಅವರಪ್ಪ ಬಸ್ಸಲ್ಲಿ ಬಂದು ಬೈಕ್ ತಗೊಂಡು ಹೋದರು.